ಪೆಟ್ಟಿಗೆಯೊಳಗೊಂದು ಮಳೆಗಾಲ



ಸಂಘದ ಪತ್ರಿಕೆಯಲ್ಲಿ ಆಮೆಯ ಬಗ್ಗೆ ಲೇಖನವೇ ಎಂದು ಹುಬ್ಬೇರಿಸಬೇಡಿ. ನಾಟಕದ ವರದಿ, ವಧೂವರರ ಮಾಹಿತಿ, ದತ್ತಿ ಉಪನ್ಯಾಸಗಳ ನಡುವೆ ಈ ನಿಧಾನಿಗೂ ಎರಡು ಪುಟ ಕೊಡಿ ಎಂದು ಸಂಪಾದಕರನ್ನು ನಾನೇ ಕೇಳಿಕೊಂಡೆ. ಅದಕ್ಕೆ ಕಾರಣ ಎರಡು. ಯುಗಾದಿ ಕಾರ್ಯಕ್ರಮದ ದಿನ ಊಟದ ಸಾಲಿನಲ್ಲಿ ನಿಮ್ಮಲ್ಲೇ ಮೂವರು ನನ್ನನ್ನು ಹಿಡಿದು, "ಅಂಕಲ್, ಫ್ಲ್ಯಾಟಿನಲ್ಲಿ ಆಮೆ ಸಾಕಬಹುದಾ?" ಎಂದು ಕೇಳಿದಿರಿ. ಕೈಯಲ್ಲಿ ಹೋಳಿಗೆಯ ತಟ್ಟೆ ಹಿಡಿದು ಕೊಡುವಂಥ ಉತ್ತರ ಅದಲ್ಲ. ಎರಡನೆಯ ಕಾರಣ, ಈ ವಿಷಯದಲ್ಲಿ ನಾನೇ ಒಂದು ದೊಡ್ಡ ತಪ್ಪು ಮಾಡಿದ್ದೇನೆ. ಅದರ ಗುರುತು ಒಂದು ಮೂಕಪ್ರಾಣಿಯ ಬೆನ್ನ ಮೇಲೆ ಉಳಿದಿದೆ. ಇನ್ನು ಅದು ಅಳಿಸಿ ಹೋಗುವುದಿಲ್ಲ.

2023ರ ಡಿಸೆಂಬರ್ ತಿಂಗಳು. ನನ್ನ ಅಣ್ಣನ ಮಗಳು ಪುಣೆಯಲ್ಲಿ ಎಂಜಿನಿಯರಿಂಗ್ ಓದುತ್ತಿದ್ದಳು. ಅವಳ ಗೆಳತಿಯೊಬ್ಬಳು ಬೇರೆ ಊರಿಗೆ ಹೊರಟು ನಿಂತಾಗ ಅಂಗೈಯಗಲದ ಒಂದು ಆಮೆಮರಿಯನ್ನು ಇವಳಿಗೆ ಒಪ್ಪಿಸಿ ಹೋದಳು. ಅಂದು ರಾತ್ರಿಯೇ ಡೊಂಬಿವಲಿಯ ನಮ್ಮ ಮನೆಗೆ ಫೋನು.

"ಕಾಕಾ, ನನಗೊಂದು ಆಮಿ ಮರಿ ಸಿಕ್ಕೈತಿ. ಸುಲ್ಕಾಟಾ ಅಂತಾರ, ಆಫ್ರಿಕಾದ್ದು. ಹೆಂಗ ಇಡಬೇಕ್ರಿ ಇದನ್ನ?"

ಮೂವತ್ತು ವರ್ಷ ಶಾಲೆಯಲ್ಲಿ ಭೌತಶಾಸ್ತ್ರ ಕಲಿಸಿದವನು ನಾನು. ಗೊತ್ತಿಲ್ಲ ಎನ್ನಲು ನಾಲಗೆ ಏಳಲಿಲ್ಲ. "ಮರುಭೂಮಿ ಪ್ರಾಣಿ ಅದು. ಬೆಚ್ಚಗ ಇಡು, ಒಣಾ ಇಡು. ನೂರು ವ್ಯಾಟಿನ ಬಲ್ಬು ಹಚ್ಚು, ಸಾಕು" ಎಂದುಬಿಟ್ಟೆ.

ಪಾಪ, ಹುಡುಗಿ ಕಾಕಾನ ಮಾತನ್ನು ಚಾಚೂ ತಪ್ಪದೆ ಪಾಲಿಸಿದಳು. ಹಳೆಯ ಮೀನಿನ ಗಾಜಿನ ತೊಟ್ಟಿ, ಅದರೊಳಗೆ ಹಳೆಯ ದಿನಪತ್ರಿಕೆ, ಮೇಲೆ ಹಗಲಿರುಳು ಉರಿಯುವ ಬಲ್ಬು. ಫೆಬ್ರುವರಿ ಕೊನೆಗೆ ಮರಿಯನ್ನು ಬೂಟಿನ ಡಬ್ಬಿಯಲ್ಲಿಟ್ಟುಕೊಂಡು ರೈಲಿನಲ್ಲಿ ನಮ್ಮ ಮನೆಗೆ ಬಂದಳು. ಮುಖ ಸಣ್ಣದಾಗಿತ್ತು.

"ಕಾಕಾ, ಇದರ ಬೆನ್ನ ಮ್ಯಾಲ ಇಡ್ಲಿ ಇಟ್ಟಂಗ ಉಬ್ಬಾಕತ್ತೈತಿ ನೋಡ್ರಿ. ಒಂದು ವಾರದಿಂದ ಏನೂ ತಿಂದಿಲ್ಲ."

ನಿಜಕ್ಕೂ ಇಡ್ಲಿ ಪಾತ್ರೆಯ ಹಾಗೆಯೇ ಕಾಣುತ್ತಿತ್ತು ಅದರ ಬೆನ್ನು. ಕಣ್ಣು ಒಳಕ್ಕೆ ಸೇದಿಹೋಗಿತ್ತು. ಸರೀಸೃಪಗಳನ್ನು ಬಲ್ಲ ಪಶುವೈದ್ಯರೊಬ್ಬರಲ್ಲಿಗೆ ಓಡಿದೆವು. ಅವರು ಮರಿಯನ್ನು ತಿರುಗಿಸಿ ನೋಡಿ, ನಾವು ಇಟ್ಟಿದ್ದ ಬಗೆಯನ್ನು ಕೇಳಿ, ಒಂದೇ ಮಾತು ಹೇಳಿದರು: "ನೀವು ಇದನ್ನು ಸಾಕುತ್ತಿಲ್ಲ, ಒಣಗಿಸುತ್ತಿದ್ದೀರಿ."

ಮರುಭೂಮಿಯ ಪ್ರಾಣಿಗೆ ತೇವವೇಕೆ?

ನೀವೂ ನನ್ನ ಹಾಗೆಯೇ ಯೋಚಿಸುತ್ತಿರಬಹುದು. ಸುಲ್ಕಾಟಾ ಆಮೆಯ ತವರು ಸಹಾರಾ ಮರುಭೂಮಿಯ ದಕ್ಷಿಣದ ಅಂಚು, ಅಂದರೆ ಸೆನೆಗಲ್‌ನಿಂದ ಸುಡಾನ್, ಇಥಿಯೋಪಿಯಾಗಳವರೆಗೆ ಹಬ್ಬಿದ ಸಾಹೆಲ್ ಎಂಬ ಒಣಭೂಮಿ. ಅಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ಅಂಥಲ್ಲಿನ ಪ್ರಾಣಿಗೆ ನೀರಿನ ಗೊಡವೆ ಏನು?

ಭೂಪಟ ನೋಡಿ ನಾವು ಮೋಸಹೋಗುವುದು ಇಲ್ಲಿಯೇ. ಭೂಪಟದಲ್ಲಿ ಕಾಣುವುದು ಊರಿನ ಹವೆ. ಆಮೆ ಬದುಕುವುದು ನೆಲದೊಳಗಿನ ಹವೆಯಲ್ಲಿ. ಈ ಆಮೆ ಮಣ್ಣು ತೋಡುವುದರಲ್ಲಿ ನಿಸ್ಸೀಮ. ಹಲವು ಮೀಟರು ಉದ್ದದ ಬಿಲ ತೋಡಿ, ಬಿಸಿಲೇರಿದ ಕೂಡಲೇ ಒಳಗೆ ಸೇರಿಕೊಳ್ಳುತ್ತದೆ. ಹೊರಗೆ ಬೆಂಕಿಯಂಥ ಗಾಳಿ ಬೀಸುತ್ತಿದ್ದರೂ ಬಿಲದ ಒಳಗೆ ಮಣ್ಣಿನ ತಂಪು, ಮಣ್ಣಿನ ತೇವ. ಮರಿಗಳು ಹಗಲಿನ ಬಹುಪಾಲನ್ನು ಬಿಲಗಳಲ್ಲಿ, ಗಿಡಗಂಟಿಗಳ ಬುಡದಲ್ಲಿ ಅಡಗಿಯೇ ಕಳೆಯುತ್ತವೆ. ಮೇಯಲು ಹೊರಗೆ ಬರುವುದು ಸ್ವಲ್ಪ ಹೊತ್ತು ಮಾತ್ರ.

ನಾವು ಮಾಡಿದ್ದೇನು? ಬಿಲವನ್ನು ಕಸಿದುಕೊಂಡು ಬಿಸಿಲನ್ನಷ್ಟೇ ಕೊಟ್ಟೆವು. ಅದೂ ದಿನಕ್ಕೆ ಇಪ್ಪತ್ತನಾಲ್ಕು ಗಂಟೆ!

ಬಲ್ಬು ಮಾಡಿದ ಅನಾಹುತ

ಈಗ ಸ್ವಲ್ಪ ಪಾಠ. ಹೆದರಬೇಡಿ, ಪರೀಕ್ಷೆ ಇಲ್ಲ.

ಗಾಳಿ ಎಷ್ಟು ನೀರಿನ ಆವಿಯನ್ನು ಹಿಡಿದಿಟ್ಟುಕೊಳ್ಳಬಲ್ಲದು ಎಂಬುದು ಅದರ ಉಷ್ಣತೆಯ ಮೇಲೆ ನಿಂತಿದೆ. 20 ಡಿಗ್ರಿಯಲ್ಲಿ ಒಂದು ಘನ ಮೀಟರು ಗಾಳಿ ಸುಮಾರು 17 ಗ್ರಾಂ ಆವಿಯನ್ನು ಹಿಡಿದೀತು. 30 ಡಿಗ್ರಿಯಲ್ಲಿ ಸುಮಾರು 30 ಗ್ರಾಂ. 35 ಡಿಗ್ರಿಯಲ್ಲಿ ಸುಮಾರು 40 ಗ್ರಾಂ. ಇದರಲ್ಲಿ ಎಷ್ಟು ಪಾಲು ನಿಜವಾಗಿ ತುಂಬಿದೆ ಎಂಬುದೇ ಸಾಪೇಕ್ಷ ಆರ್ದ್ರತೆ. ಹವಾಮಾನ ವರದಿಯಲ್ಲಿ ಇಷ್ಟು ಶೇಕಡಾ ಎಂದು ಹೇಳುವುದು ಇದನ್ನೇ.

ಪುಣೆಯ ಚಳಿಗಾಲದ ಒಂದು ಸಂಜೆ ಕೋಣೆಯಲ್ಲಿ 20 ಡಿಗ್ರಿ ಇದೆ, ಆರ್ದ್ರತೆ ಶೇಕಡಾ 50 ಇದೆ ಎನ್ನಿ. ಗಾಳಿಯಲ್ಲಿ ಸುಮಾರು ಎಂಟೂವರೆ ಗ್ರಾಂ ಆವಿ ಇದ್ದಂತಾಯಿತು. ಈಗ ಬಲ್ಬು ಹಾಕಿ ಅದೇ ಗಾಳಿಯನ್ನು 30 ಡಿಗ್ರಿಗೆ ಕಾಯಿಸಿ. ಆವಿ ಅಷ್ಟೇ ಇದೆ, ಹಿಡಿಯುವ ಪಾತ್ರೆ ಮಾತ್ರ ದೊಡ್ಡದಾಯಿತು. ಆರ್ದ್ರತೆ ಶೇಕಡಾ 28ಕ್ಕೆ ಇಳಿಯಿತು! 35 ಡಿಗ್ರಿಗೆ ಏರಿಸಿದರೆ ಶೇಕಡಾ 22. ಹೀಗೆ ಹಸಿದ ಗಾಳಿ ಸುಮ್ಮನಿರುವುದಿಲ್ಲ. ಎಲ್ಲಿ ತೇವ ಸಿಕ್ಕೀತು ಎಂದು ಹುಡುಕುತ್ತದೆ. ಗಾಜಿನ ತೊಟ್ಟಿಯೊಳಗೆ ಅದಕ್ಕೆ ಸಿಕ್ಕಿದ್ದು ಒಂದೇ ವಸ್ತು: ಆ ಮರಿ.

ಸಾಲದೆಂಬಂತೆ ಮೇಲೆ ತೆರೆದ ತೊಟ್ಟಿ. ಬಿಸಿಗಾಳಿ ಮೇಲೇರಿ ಹೊರಗೆ ಹೋಗುತ್ತಲೇ ಇರುತ್ತದೆ, ಹೋಗುವಾಗ ಇದ್ದ ತೇವವನ್ನೂ ಹೊತ್ತೊಯ್ಯುತ್ತದೆ. ಇಷ್ಟನ್ನೂ ಮೂವತ್ತು ವರ್ಷ ಕರಿಹಲಗೆಯ ಮೇಲೆ ಬರೆದು ತೋರಿಸಿದವನು ನಾನೇ. ಫೋನು ಎತ್ತಿದಾಗ ಒಂದಕ್ಷರವೂ ನೆನಪಾಗಲಿಲ್ಲ.

ಚಿಪ್ಪು ಬರೆದಿಡುವ ಲೆಕ್ಕ

ಆಮೆಯ ಬೆನ್ನಿನ ಚಿಪ್ಪು ಬರಿಯ ಹೊದಿಕೆಯಲ್ಲ. ಒಳಗೆ ಮೂಳೆ, ಮೇಲೆ ನಮ್ಮ ಉಗುರಿನಂಥದೇ ಕೆರಾಟಿನ್ ವಸ್ತುವಿನ ಬಿಲ್ಲೆಗಳು. ಮರಿ ಬೆಳೆದಂತೆ ಪ್ರತಿ ಬಿಲ್ಲೆಯ ಅಂಚಿನಲ್ಲಿ ಹೊಸ ಪಟ್ಟಿ ಮೂಡುತ್ತದೆ. ಗಾಳಿ ಬೆಚ್ಚಗೂ ತೇವವಾಗಿಯೂ ಇದ್ದರೆ ಹೊಸ ಪಟ್ಟಿ ಮೆತ್ತಗಿದ್ದು ಸಮತಟ್ಟಾಗಿ ಹರಡುತ್ತದೆ. ಗಾಳಿ ಒಣಗಿದ್ದರೆ ಎಳೆಯ ಅಂಚು ಬೇಗನೆ ಬಿರುಸಾಗಿ, ಬೆಳವಣಿಗೆ ಅಗಲಕ್ಕೆ ಹೋಗುವ ಬದಲು ಎತ್ತರಕ್ಕೆ ಹೋಗುತ್ತದೆ. ಒಂದೊಂದು ಬಿಲ್ಲೆಯೂ ಪುಟ್ಟ ಗೋಪುರವಾಗುತ್ತದೆ.

ಮೊದಲೆಲ್ಲ ಇದಕ್ಕೆ ಅತಿಯಾದ ಪ್ರೋಟೀನ್ ಆಹಾರವೇ ಕಾರಣ ಎನ್ನುತ್ತಿದ್ದರು. 2003ರಲ್ಲಿ ಪ್ರಕಟವಾದ ವಿಯೆನ್ನಾದ ಸಂಶೋಧಕರಾದ ವೀಸ್ನರ್ ಮತ್ತು ಈಬೆನ್ ಅವರ ಅಧ್ಯಯನ ಈ ನಂಬಿಕೆಯನ್ನು ಅಲುಗಾಡಿಸಿತು. ಅವರು ಆಗತಾನೆ ಮೊಟ್ಟೆಯೊಡೆದ 50 ಸುಲ್ಕಾಟಾ ಮರಿಗಳನ್ನು ಐದು ತಿಂಗಳು ಬೇರೆ ಬೇರೆ ಆರ್ದ್ರತೆಯಲ್ಲಿ, ಬೇರೆ ಬೇರೆ ಪ್ರಮಾಣದ ಪ್ರೋಟೀನ್ ಕೊಟ್ಟು ಬೆಳೆಸಿದರು. ಒಣಹವೆಯಲ್ಲಿ ಬೆಳೆದ ಮರಿಗಳ ಬೆನ್ನು ಹೆಚ್ಚು ಉಬ್ಬಿತು, ತೇವದ ಹವೆಯಲ್ಲಿ ಬೆಳೆದವುಗಳ ಬೆನ್ನು ನುಣುಪಾಗಿ ಉಳಿಯಿತು. ಪ್ರೋಟೀನಿನ ಪಾತ್ರ ತೀರ ಚಿಕ್ಕದೆಂದು ಕಂಡುಬಂತು.

ನೀವು ನೆನಪಿಡಬೇಕಾದದ್ದು ಇಷ್ಟು: ಒಮ್ಮೆ ಎದ್ದ ಗೋಪುರ ಮತ್ತೆ ತಗ್ಗುವುದಿಲ್ಲ. ಸರಿಪಡಿಸಿದರೆ ಮುಂದಿನ ಪಟ್ಟಿಗಳು ಚಪ್ಪಟೆಯಾಗಿ ಬರುತ್ತವೆ, ಹಿಂದಿನವು ಹಾಗೆಯೇ ಉಳಿಯುತ್ತವೆ. ಬೆನ್ನಿನ ಮಾತು ಕಣ್ಣಿಗೆ ಕಾಣುವುದು. ಕಾಣದ್ದು ಇನ್ನೂ ಇದೆ. ನೀರು ಸಾಲದೆ ಹೋದರೆ ಮೂತ್ರಕೋಶದಲ್ಲಿ ಕಲ್ಲು ಕಟ್ಟುತ್ತದೆ, ಮೂತ್ರಪಿಂಡ ಸೋಲುತ್ತದೆ. ಎಷ್ಟೋ ಮರಿಗಳು ಬೆನ್ನು ಉಬ್ಬುವ ಮೊದಲೇ ಸಾಯುತ್ತವೆ. ನಮ್ಮದು ಉಳಿದದ್ದು ನಮ್ಮ ಪುಣ್ಯ.

ಪೆಟ್ಟಿಗೆ ಕಟ್ಟಿದ ಬಗೆ

ವೈದ್ಯರ ಸಲಹೆಯಂತೆ ನಾನೂ ಹುಡುಗಿಯೂ ಸೇರಿ ಹೊಸ ಪೆಟ್ಟಿಗೆ ಮಾಡಿದೆವು. ವಿವರವಾಗಿ ಬರೆಯುತ್ತೇನೆ.

ಪೆಟ್ಟಿಗೆ: ನಾಲ್ಕು ಅಡಿ ಉದ್ದ, ಎರಡು ಅಡಿ ಅಗಲದ ಪ್ಲೈವುಡ್ ಪೆಟ್ಟಿಗೆ, ಒಳಗೆ ನೀರು ಹೀರದಂತೆ ಬಣ್ಣ. ಬಣ್ಣದ ವಾಸನೆ ಪೂರ್ತಿ ಹೋಗುವವರೆಗೆ ಮರಿಯನ್ನು ಒಳಗೆ ಬಿಡಲಿಲ್ಲ. ಮುಖ್ಯವಾದದ್ದು ಮುಚ್ಚಳ. ಹವೆಯಾಡಲು ಕೆಲವೇ ತೂತು ಬಿಟ್ಟು ಉಳಿದದ್ದನ್ನೆಲ್ಲ ಮುಚ್ಚಿದೆವು. ಮುಚ್ಚಿದ ಮೇಲೆ ಸಣ್ಣ ಹೀಟರೇ ಸಾಕಾಯಿತು, ತೇವವೂ ಒಳಗೇ ಉಳಿಯಿತು.

ಹಾಸು: ದಿನಪತ್ರಿಕೆ ಬೇಡ. ನರ್ಸರಿಯಲ್ಲಿ ಸಿಗುವ ಕೊಕೊಪೀಟ್, ಅಂದರೆ ತೆಂಗಿನ ನಾರಿನ ಪುಡಿ, ಅದಕ್ಕೆ ಗೊಬ್ಬರ ಬೆರೆಸದ ಮಣ್ಣು. ಮೂರು ಇಂಚು ದಪ್ಪ. ನೀರನ್ನು ಮೇಲೆ ಚಿಮುಕಿಸುವುದಲ್ಲ, ಮೂಲೆಗಳಲ್ಲಿ ಸುರಿಯಬೇಕು. ಅದು ತಳಕ್ಕಿಳಿದು ಅಲ್ಲಿಂದ ಮೆಲ್ಲಗೆ ಆವಿಯಾಗುತ್ತದೆ. ಕೆಳಗೆ ಹಸಿ, ಮೇಲೆ ಕೈಗೆ ಅಂಟದಷ್ಟು ಒಣ. ಮೇಲ್ಪದರವೂ ಕೆಸರಾದರೆ ಹೊಟ್ಟೆಯ ಕಡೆಯ ಚಿಪ್ಪು ಕೊಳೆಯುತ್ತದೆ.

ಕಾವು: ಒಂದು ತುದಿಯಲ್ಲಿ ದೀಪದ ಕೆಳಗೆ ಸುಮಾರು 35 ಡಿಗ್ರಿ, ಇನ್ನೊಂದು ತುದಿಯಲ್ಲಿ 27 ಡಿಗ್ರಿ. ಎರಡು ತುದಿ ಏಕೆ ಗೊತ್ತೇ? ಆಮೆಗೆ ನಮ್ಮಂತೆ ಬೆವರಿಲ್ಲ. ಕಾವು ಬೇಕೆಂದಾಗ ದೀಪದ ಕೆಳಗೆ, ಸಾಕೆಂದಾಗ ದೂರಕ್ಕೆ ನಡೆಯುವುದೊಂದೇ ಅದರ ಉಪಾಯ. ಇಡೀ ಪೆಟ್ಟಿಗೆ ಒಂದೇ ಸಮ ಕಾದರೆ ಆ ಉಪಾಯವನ್ನೂ ನಾವು ಕಿತ್ತುಕೊಂಡಂತೆ. ರಾತ್ರಿ ದೀಪ ಆರಿಸಬೇಕು, ಅದಕ್ಕೂ ನಿದ್ದೆ ಬೇಕಲ್ಲ! ಆಗ ಬೆಳಕು ಚೆಲ್ಲದ ಸೆರಾಮಿಕ್ ಹೀಟರ್ ಇರಲಿ. ತೇವದ ಪೆಟ್ಟಿಗೆ ರಾತ್ರಿಯೂ 26 ಡಿಗ್ರಿಗಿಂತ ಕೆಳಗೆ ಇಳಿಯಬಾರದು. ಬೆಚ್ಚಗಿನ ತೇವ ಮರಿಯನ್ನು ಬೆಳೆಸುತ್ತದೆ, ತಣ್ಣನೆಯ ತೇವ ಶ್ವಾಸಕೋಶಕ್ಕೆ ಕಫ ಕಟ್ಟಿಸುತ್ತದೆ. ಮೂಗಿನಲ್ಲಿ ಗುಳ್ಳೆ, ಬಾಯಿ ತೆರೆದು ಉಸಿರಾಡುವುದು ಕಂಡರೆ ಆ ದಿನವೇ ವೈದ್ಯರಲ್ಲಿಗೆ ಹೋಗಿ.

ಅಳತೆ: ಕಣ್ಣಂದಾಜು ನಂಬಬೇಡಿ. ಎರಡು ತುದಿಗೆ ಎರಡು ಥರ್ಮಾಮೀಟರ್, ಒಂದು ಹೈಗ್ರೋಮೀಟರ್, ಹೀಟರಿಗೆ ಥರ್ಮೋಸ್ಟಾಟ್. ಎಲ್ಲವೂ ಆಮೆಯ ಬೆನ್ನಿನ ಎತ್ತರದಲ್ಲಿರಬೇಕು, ನಿಮ್ಮ ಕಣ್ಣಿನ ಎತ್ತರದಲ್ಲಲ್ಲ. ಆರ್ದ್ರತೆ ಶೇಕಡಾ 70ರಿಂದ 80 ಇರಲಿ.

ಅಡಗುತಾಣ: ಅರ್ಧಕ್ಕೆ ಒಡೆದ ಮಣ್ಣಿನ ಕುಂಡವನ್ನು ಬೋರಲು ಹಾಕಿ. ಒಡೆದ ಅಂಚನ್ನು ಉಜ್ಜಿ ನುಣುಪು ಮಾಡಿ. ಅದೇ ಅದರ ಬಿಲ.

ಸ್ನಾನ: ದಿನಕ್ಕೊಮ್ಮೆ 15-20 ನಿಮಿಷ ಉಗುರುಬೆಚ್ಚಗಿನ ನೀರಿನಲ್ಲಿ ಬಿಡಿ. ತಲೆ ಎತ್ತಿದರೆ ನೀರಿನಿಂದ ಮೇಲಿರುವಷ್ಟು ಆಳ ಸಾಕು, ಇದು ಈಜುವ ಆಮೆಯಲ್ಲ. ಮೊದಲ ಸಲ ನೀರಿಗೆ ಬಿಟ್ಟಾಗ ನಮ್ಮ ಮರಿ ಕತ್ತು ಚಾಚಿ ಕುಡಿಯುತ್ತಲೇ ಇತ್ತು. ಹುಡುಗಿ ಅಳುತ್ತ ಕೂತಿದ್ದಳು. ನಾನು ಗಡಿಯಾರ ನೋಡುವವನಂತೆ ನಟಿಸಿದೆ.

ಬಿಸಿಲು: ಮೂಳೆ ಗಟ್ಟಿಯಾಗಲು ಡಿ3 ಜೀವಸತ್ವ ಬೇಕು, ಅದಕ್ಕೆ ಯುವಿಬಿ ಕಿರಣ ಬೇಕು. ಕಿಟಕಿಯ ಗಾಜು ಆ ಕಿರಣವನ್ನು ತಡೆಯುತ್ತದೆ. ಹಾಗಾಗಿ ಯುವಿಬಿ ದೀಪ ಪೆಟ್ಟಿಗೆಯ ಒಳಗೇ ಇರಲಿ, ಇಲ್ಲವೇ ದಿನಕ್ಕೆ ಸ್ವಲ್ಪ ಹೊತ್ತು ನಿಜವಾದ ಎಳೆಬಿಸಿಲು ಕೊಡಿ, ಪಕ್ಕದಲ್ಲಿ ನೆರಳೂ ಇರಲಿ. ಆದರೆ ಗಾಜಿನ ತೊಟ್ಟಿಯನ್ನು ಎಂದೂ ಬಿಸಿಲಿಗೆ ಇಡಬೇಡಿ. ಅದು ನೋಡನೋಡುತ್ತಲೇ ಒಲೆಯಾಗುತ್ತದೆ.

ಬೆಂಕಿಯ ಎಚ್ಚರ: ಸೆರಾಮಿಕ್ ಹೀಟರಿಗೆ ಪಿಂಗಾಣಿಯ ಹೋಲ್ಡರೇ ಬೇಕು. ಪ್ಲಾಸ್ಟಿಕ್ಕಿನದು ಕರಗುತ್ತದೆ. ಮರಕ್ಕೂ ಹೀಟರಿಗೂ ಅಂತರವಿರಲಿ. ನೀರು ಇರುವ ಕಡೆ ವಿದ್ಯುತ್ತಿನ ಕೆಲಸ ಬಲ್ಲವರಿಂದಲೇ ತಂತಿ ಹಾಕಿಸಿ. ಕರೆಂಟು ಹೋದ ರಾತ್ರಿ ಪೆಟ್ಟಿಗೆಗೆ ಕಂಬಳಿ ಹೊದಿಸಿ, ಒಳಗೆ ಬಟ್ಟೆ ಸುತ್ತಿದ ಬಿಸಿನೀರಿನ ಬಾಟಲಿ ಇಟ್ಟರೆ ಕೆಲವು ಗಂಟೆ ಕಳೆಯಬಹುದು.

ನಿಮ್ಮ ಊರು ಯಾವುದು?

ಈ ಪತ್ರಿಕೆ ಹಲವು ಊರುಗಳಿಗೆ ಹೋಗುತ್ತದೆ. ಒಂದು ಊರಿನ ಪೆಟ್ಟಿಗೆ ಇನ್ನೊಂದು ಊರಿಗೆ ಹೊಂದುವುದಿಲ್ಲ.

ಮುಂಬಯಿ, ಚೆನ್ನೈಯವರಿಗೆ ಸಮುದ್ರವೇ ಅರ್ಧ ಕೆಲಸ ಮಾಡಿಕೊಡುತ್ತದೆ. ಜುಲೈಯಲ್ಲಿ ಒಗೆದ ಬಟ್ಟೆ ಮೂರು ದಿನ ಒಣಗದ ಮುಂಬಯಿಯಲ್ಲಿ ಆರ್ದ್ರತೆಗೆ ಬರವೇ? ಆದರೆ ಎ.ಸಿ. ಹಾಕಿದ ಕೋಣೆಯ ಲೆಕ್ಕ ಬೇರೆ. ಎ.ಸಿ.ಯಿಂದ ಹೊರಗೆ ತೊಟ್ಟಿಕ್ಕುವ ನೀರು ನಿಮ್ಮ ಕೋಣೆಯ ಗಾಳಿಯದೇ. ಪೆಟ್ಟಿಗೆಯನ್ನು ಆ ಕೋಣೆಯಲ್ಲಿ ಇಡಬೇಡಿ.

ಪುಣೆ, ಹೈದರಾಬಾದಿನವರಿಗೆ ಎರಡು ಕಷ್ಟಕಾಲ: ಚಳಿಗಾಲದ ರಾತ್ರಿ, ಮತ್ತು ಮಾರ್ಚಿಯಿಂದ ಮಳೆ ಬರುವವರೆಗಿನ ಒಣ ಮಧ್ಯಾಹ್ನ. ನಿಮ್ಮ ತುಟಿ, ಹಿಮ್ಮಡಿ ಒಡೆಯತೊಡಗಿದರೆ ಆಮೆಯ ಹಾಸಿಗೆ ನೀರು ಸುರಿಯುವ ದಿನ ಬಂತೆಂದು ತಿಳಿಯಿರಿ.

ದಿಲ್ಲಿಯವರ ಕೆಲಸ ಎಲ್ಲರಿಗಿಂತ ಕಷ್ಟದ್ದು. ಜನವರಿಯಲ್ಲಿ ರೂಮ್ ಹೀಟರ್ ಕೋಣೆಯನ್ನು ಕಾಯಿಸುತ್ತಲೇ ಒಣಗಿಸುತ್ತದೆ. ಮೇ-ಜೂನಿನಲ್ಲಿ ಲೂ ಗಾಳಿ ಬೀಸುವಾಗ ಹೀಟರ್ ಬೇಡವೇ ಬೇಡ. ಆಗ ಪೆಟ್ಟಿಗೆ ಅತಿಯಾಗಿ ಕಾಯದಂತೆ ನೋಡಿಕೊಳ್ಳುವುದೇ ದೊಡ್ಡ ಕೆಲಸ.

ನಕ್ಷತ್ರ ಆಮೆಯ ಆಸೆ ಬೇಡ

ಇಷ್ಟೆಲ್ಲ ಓದಿ "ನಮ್ಮ ದೇಶದ್ದೇ ಆದ ಚಂದದ ನಕ್ಷತ್ರ ಆಮೆಯನ್ನೇ ತಂದರಾಯಿತು" ಎನ್ನಬೇಡಿ. ಬೆನ್ನ ಮೇಲೆ ಹಳದಿ ನಕ್ಷತ್ರ ಬಿಡಿಸಿದಂತಿರುವ ಈ ಆಮೆ ಕರ್ನಾಟಕದ ಕುರುಚಲು ಕಾಡುಗಳದೂ ಹೌದು. 1972ರ ವನ್ಯಜೀವಿ (ಸಂರಕ್ಷಣಾ) ಕಾಯ್ದೆಯ ಪ್ರಕಾರ ಅದನ್ನು ಹಿಡಿಯುವುದು, ಮಾರುವುದು, ಮನೆಯಲ್ಲಿ ಸಾಕುವುದು ಅಪರಾಧ. 2019ರಲ್ಲಿ ಅದನ್ನು ಅಂತರರಾಷ್ಟ್ರೀಯ ಸೈಟಿಸ್ ಒಪ್ಪಂದದ ಮೊದಲನೆಯ ಅನುಬಂಧಕ್ಕೆ ಸೇರಿಸಿ ದೇಶದೇಶಗಳ ನಡುವಿನ ವ್ಯಾಪಾರವನ್ನೂ ನಿಷೇಧಿಸಲಾಯಿತು.

ಆಮೆ ಹೊಕ್ಕ ಮನೆ ಹಾಳು ಎಂದು ಹೆದರುತ್ತಿದ್ದವರ ಮೊಮ್ಮಕ್ಕಳು ಇಂದು ಆಮೆ ಇದ್ದರೆ ಹಣ ಬರುತ್ತದೆಂದು ಕದ್ದು ಕೊಳ್ಳುತ್ತಾರೆ. ಎರಡರಲ್ಲೂ ಆಮೆಯ ತಪ್ಪೇನೂ ಇಲ್ಲ. ಹೀಗೆ ಕಳ್ಳದಾರಿಯಲ್ಲಿ ಸಿಂಗಪುರಕ್ಕೆ ಹೋಗಿ ಸಿಕ್ಕಿಬಿದ್ದ 51 ನಕ್ಷತ್ರ ಆಮೆಗಳನ್ನು 2018ರ ನವೆಂಬರ್‌ನಲ್ಲಿ ವಿಮಾನದಲ್ಲಿ ಬೆಂಗಳೂರಿಗೆ ವಾಪಸು ತಂದರು. ಎಲ್ಲ ಆಮೆಗಳಿಗೂ ಆ ಭಾಗ್ಯವಿಲ್ಲ. ನಿಮ್ಮ ಪರಿಚಯದವರ ಮನೆಯಲ್ಲಿ ಇದ್ದರೆ ಅರಣ್ಯ ಇಲಾಖೆಗೆ ಒಪ್ಪಿಸಲು ಹೇಳಿ. ತಾವಾಗಿ ಯಾವುದೋ ಕಾಡಿಗೆ, ಕೆರೆಗೆ ಬಿಟ್ಟುಬರುವುದು ಉಪಕಾರವಲ್ಲ. ಆ ಮರಿ ಬದುಕಲಿಕ್ಕಿಲ್ಲ, ಜೊತೆಗೆ ಮನೆಯ ರೋಗವನ್ನು ಕಾಡಿಗೆ ಒಯ್ದೀತು.

ಸುಲ್ಕಾಟಾದಂಥ ವಿದೇಶಿ ಆಮೆಗೂ ಕಾನೂನು ಇದೆ. ಸೈಟಿಸ್ ಪಟ್ಟಿಯ ಜೀವಿಗಳನ್ನು ಇಟ್ಟುಕೊಂಡವರು 2024ರ ನಿಯಮಗಳಂತೆ ಸರಕಾರದ ಪರಿವೇಶ್ ಜಾಲತಾಣದ ಮೂಲಕ ನೋಂದಣಿ ಮಾಡಿಸಬೇಕು. ನಮ್ಮ ಹುಡುಗಿ ಆ ವರ್ಷವೇ ಮಾಡಿಸಿದಳು. ಕಾಗದವಿಲ್ಲದೆ ಮಾರುವ ಅಂಗಡಿಯವನ ಮಾತಿಗೆ ಮರುಳಾಗಬೇಡಿ.

ಈಗ ಹೇಗಿದೆ?

ಮರಿ ಈಗ ಊಟದ ತಟ್ಟೆಯಷ್ಟು ಅಗಲವಾಗಿದೆ. ಹೆಸರು "ಇಡ್ಲಿ". ಇಟ್ಟವಳು ಅವಳೇ. ಬೆನ್ನಿನ ಪ್ರತಿ ಬಿಲ್ಲೆಯ ನಡುವೆ ಒಂದು ಸಣ್ಣ ಗುಡ್ಡ. ಅದರ ಸುತ್ತ, ನೀರಿಗೆ ಕಲ್ಲೆಸೆದಾಗ ಏಳುವ ಉಂಗುರಗಳಂತೆ, ನುಣುಪಾದ ಹೊಸ ಪಟ್ಟಿಗಳು. ಗುಡ್ಡ ನನ್ನ ಫೋನಿನ ಸಲಹೆ, ಉಂಗುರಗಳು ಅವಳ ದುಡಿಮೆ. ನೋಡಿದವರೆಲ್ಲ ಗುಡ್ಡಗಳನ್ನೇ ತೋರಿಸಿ "ಎಷ್ಟು ಚಂದ ಡಿಸೈನ್!" ಎನ್ನುತ್ತಾರೆ. ಆಗ ಅವಳು ನನ್ನ ಮುಖ ನೋಡಿ ಸುಮ್ಮನಾಗುತ್ತಾಳೆ.

ಈ ಜಾತಿಯ ಆಮೆ 40-50 ಕಿಲೋ ತೂಗಬಲ್ಲದು, ಐವತ್ತು ವರ್ಷ ದಾಟಿ ಬಾಳಬಲ್ಲದು. ಅಣ್ಣನಿಗೆ ಧಾರವಾಡದ ಹತ್ತಿರ ಹೊಲವಿದೆ. ದೊಡ್ಡದಾದ ಮೇಲೆ ಅಲ್ಲಿ ಗಟ್ಟಿ ಗೋಡೆ ಕಟ್ಟಿ, ಚಳಿಗಾಲಕ್ಕೆ ಬೆಚ್ಚಗಿನ ಗೂಡು ಮಾಡಿ, ಕಾಗದಪತ್ರ ಸರಿಪಡಿಸಿ ಇಡುವುದೆಂದು ಮನೆಯವರೆಲ್ಲ ಕೂತು ನಿಶ್ಚಯಿಸಿದ್ದೇವೆ. ಆಗ ನಾನು ಇರುವುದಿಲ್ಲ, ಆಮೆ ಇರುತ್ತದೆ.

ಯುಗಾದಿಯ ದಿನ ಕೇಳಿದ ಮೂವರಿಗೆ ನನ್ನ ಉತ್ತರ ಹೀಗಿದೆ. ನಿಮಗೆ ಹೊಲವಿಲ್ಲದಿದ್ದರೆ, ಐವತ್ತು ವರ್ಷದ ಮಾತು ಕೊಡಲು ಆಗದಿದ್ದರೆ, ಬೇಡ. ಈಗಾಗಲೇ ಮನೆಯಲ್ಲಿ ಒಂದು ಮರಿ ಇದ್ದರೆ, ಇವತ್ತೇ ಒಂದು ಹೈಗ್ರೋಮೀಟರ್ ತಂದು ಪೆಟ್ಟಿಗೆಯಲ್ಲಿಡಿ. ಮುಳ್ಳು 30ರ ಹತ್ತಿರ ನಿಂತರೆ ನನಗೆ ಹೇಳಿ, ಮುಂದಿನ ಭಾನುವಾರ ಸಂಘದ ವಾಚನಾಲಯದಲ್ಲಿ ಸಿಗುತ್ತೇನೆ. ಈ ಸಲ ಪುಸ್ತಕ ನೋಡಿಯೇ ಉತ್ತರ ಕೊಡುತ್ತೇನೆ.